ಮಿಷಿನ್ನಿನ ಸೇರೇ ಬೇರೆ

ಮಗಳ ಮನೆ ನ್ಯಾಮತಿಯಲ್ಲಿ. ಹತ್ತು ವರ್ಷ ಬಿಟ್ಟು ಅವಳಿಗೆ ಎರಡನೆಯ ಹೆರಿಗೆ. ದೊಡ್ಡವಳ ಶಾಲೆ ತಪ್ಪುತ್ತದೆ ಅಂತ ಈ ಸಲ ಅವಳು ತವರಿಗೆ ಬರಲಿಲ್ಲ. ತವರೇ ಜಗಳೂರಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿ ಅವಳ ಮನೆಗೆ ಬಂತು. ತವರು ಅಂದರೆ ನಾನೇ.

ಹೋದ ಸೋಮವಾರ ಕೂಸಿಗೆ ಎರೆದು, ಮೈ ಒರೆಸಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ್ದೆ. ಹೊಗೆ ಎದ್ದು ಕೋಣೆ ತುಂಬುವುದಕ್ಕೂ, ಬಾಗಿಲ ಹತ್ತಿರ ಕೂತಿದ್ದ ಮೊಮ್ಮಗಳು ಚಿನ್ಮಯಿಯ ಕೈಯಲ್ಲಿದ್ದ ಮೊಬೈಲು ‘ಟುಂಯ್’ ಅನ್ನುವುದಕ್ಕೂ ಸರಿಹೋಯಿತು. ನನ್ನ ಕೈ ಹಾಗೇ ನಿಂತಿತು.

"ಏನೇ ಅದು?"

"ಚೆಸ್ ಅಜ್ಜಿ. ಕಂಪ್ಯೂಟರ್ ಜೊತೆ ಆಡ್ತಿದೀನಿ. ನಿಂಗೆ ಗೊತ್ತಾಗಲ್ಲ ಬಿಡು."

ಬಗ್ಗಿ ನೋಡಿದೆ. ಕನ್ನಡಕ ಇರಲಿಲ್ಲ, ಆದರೂ ಕಂಡಿತು. "ಆ ಒಂಟೆ ಅಲ್ಲಿಡಬ್ಯಾಡ ಕಣೇ. ಅದರ ಕುದುರೆ ಬಂದು ನಿನ್ನ ರಾಜಂಗೂ ಆನೆಗೂ ಒಂದೇ ಸಲ ಕೈ ಹಾಕ್ತೈತೆ."

ಅವಳು ಮೊಬೈಲು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಮೊಬೈಲು ನೋಡಿದಳು. "ಅಮ್ಮಾ! ಅಜ್ಜಿಗೆ ಚೆಸ್ ಬರ್ತೈತೆ!"

ಮಂಚದ ಮೇಲಿನಿಂದ ಮಗಳು ನಕ್ಕಳು. "ಬರದೇ ಏನು? ನಾನು ಹುಟ್ಟಿದ ವರ್ಷ ನಿಮ್ಮಜ್ಜಿ ನನಗಿಂತ ಚೆಸ್ ಆಡೋ ಮಿಷಿನ್ನನ್ನೇ ಹೆಚ್ಚು ತೊಡೆ ಮೇಲೆ ಇಟ್ಕಂಡಿದ್ಲಂತೆ."

ಅದು ಸುಳ್ಳು. ಒಂದು ತೊಡೆ ಮೇಲೆ ಅವಳು, ಇನ್ನೊಂದರ ಮೇಲೆ ಮಿಷಿನ್ನು. ಸಮನಾಗಿಯೇ ಇಟ್ಟುಕೊಂಡಿದ್ದೆ. ಸಾಂಬ್ರಾಣಿಯ ಹೊಗೆ ಮತ್ತು ಆ ಟುಂಯ್ ಎರಡೂ ಒಟ್ಟಿಗೆ ನನ್ನ ಮೂಗಿಗೂ ಕಿವಿಗೂ ಬಿದ್ದದ್ದು ಅಷ್ಟು ವರ್ಷದ ಮೇಲೆ ಅವತ್ತೇ. ಸಂತೋಷ ಉಕ್ಕಿ ಬಂತು. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬರೆಯದೆ ಇರಲಾರೆ ಅನ್ನಿಸಿ ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಕೇಳಿ ಇಸಿದುಕೊಂಡೆ.

ಅದು ಎಂಬತ್ತೆಂಟನೆಯ ಇಸವಿಯ ಮಳೆಗಾಲ. ನನಗೆ ಇಪ್ಪತ್ತು ವರ್ಷ, ಹೊಟ್ಟೆಯಲ್ಲಿ ಏಳು ತಿಂಗಳು. ಆರಿದ್ರ ಮಳೆಯಲ್ಲಿ ಜಗಳೂರಿನಿಂದ ಹೊರಟು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಯ ತವರಿಗೆ ಬಂದಿಳಿದೆ. ಜಗಳೂರಿನಲ್ಲಿ ಮೋಡ ನೋಡುವುದೇ ಒಂದು ಕೆಲಸ. ಹೊನ್ನಾಳಿಯಲ್ಲಿ ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಅಪ್ಪ ಛತ್ರಿ ಹಿಡಿದುಕೊಂಡು ಬಂದಿದ್ದ. ಛತ್ರಿ ನನಗೆ ಕೊಟ್ಟು, ಟ್ರಂಕು ತಾನು ಹೊತ್ತು, ನೆನೆದುಕೊಂಡೇ ಮನೆವರೆಗೂ ನಡೆದ.

ಅಪ್ಪನ ಹೆಸರು ಬಸಪ್ಪ. ಹೊನ್ನಾಳಿಯಲ್ಲಿ ಬಸಪ್ಪಂದಿರು ಬೇಕಾದಷ್ಟು ಜನ, ‘ಅಳತೆ ಬಸಪ್ಪ’ ಮಾತ್ರ ಒಬ್ಬನೇ. ಭತ್ತ ಅಳೆಯುವುದು ಅಪ್ಪನ ಕೆಲಸ. ಕಣದಲ್ಲಿ ರಾಶಿ ಮುಂದೆ ಮಂಡಿಯೂರಿ ಕೂತು ಕೊಳಗ ತುಂಬಿಸಿ, ಬಾಯಿಯ ಮೇಲೆ ಕೋಲೆಳೆದು ಸಮ ಮಾಡಿ ಸುರಿಯುತ್ತಿದ್ದ. ಮೊದಲನೆಯ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು ಅಂತ ಅಪ್ಪನ ದನಿ ಹಾಡಿದ ಹಾಗೆ ಕೇಳಿಸುತ್ತಿತ್ತು. ಎಲ್ಲ ಮುಗಿದ ಮೇಲೆ ಕೊಳ್ಳುವವನ ಚೀಲಕ್ಕೆ ಎರಡು ಕೈಯಿಂದ ಬೊಗಸೆ ಭತ್ತ ಮೇಲೆ ಹಾಕುತ್ತಿದ್ದ. ಅದಕ್ಕೆ ಕೊಸರು ಅನ್ನುತ್ತಾರೆ. ಮಾರುವವನೂ ಕೊಳ್ಳುವವನೂ ಅಪ್ಪನ ಬಾಯಿಂದ ಬಂದ ಎಣಿಕೆಯನ್ನು ಮರುಮಾತಿಲ್ಲದೆ ಒಪ್ಪುತ್ತಿದ್ದರು. ಅಕ್ಕಿ ಗಿರಣಿಗಳಿಗೆ ಆಗಲೇ ತೂಕದ ಮಿಷಿನ್ನು ಬಂದು ಅಪ್ಪನ ಅರ್ಧ ಕೆಲಸ ಹೋಗಿತ್ತು. ಉಳಿದರ್ಧ ಉಳಿದಿದ್ದು ಅವನ ಮೇಲೆ ಜನಕ್ಕಿದ್ದ ನಂಬಿಕೆಯಿಂದ.

ಆ ಅಳತೆಯ ವಿಷಯದಲ್ಲಿ ನನ್ನದೂ ಒಂದು ಕತೆ ಇದೆ. ಮದುವೆಯಾದಾಗ ಅಪ್ಪ ನನಗೆ ಉಡುಗೊರೆಯಾಗಿ ಒಂದು ಹಿತ್ತಾಳೆ ಸೇರು ಕೊಟ್ಟಿದ್ದ. ಜಗಳೂರಿನಲ್ಲಿ ಅತ್ತೆ "ನಾಕು ಸೇರು ಜೋಳ ಬೀಸಾಕೆ ತೆಗಿ" ಅಂದರೆ ನಾನು ಹೆಮ್ಮೆಯಿಂದ ನನ್ನ ಸೇರಿನಲ್ಲೇ ಅಳೆದು ಕೊಡುತ್ತಿದ್ದೆ. ತಿಂಗಳು ಮುಗಿಯುವ ಮೊದಲೇ ಗುಡಾಣ ತಳ ಕಂಡಿತು. ಹೊಸ ಸೊಸೆ ಯಾರಿಗೋ ಎತ್ತಿ ಕೊಡುತ್ತಿದ್ದಾಳೆ ಅಂತ ಅತ್ತೆಗೆ ಗುಮಾನಿ. ನನಗೆ ಅಳು. ಅಪ್ಪ ಬಂದವನು ಅತ್ತೆಯ ಸೇರು, ನನ್ನ ಸೇರು ಎರಡನ್ನೂ ಪಕ್ಕದಲ್ಲಿಟ್ಟು ನನ್ನದರ ಜೋಳವನ್ನು ಅವರದಕ್ಕೆ ಸುರಿದ. ಎರಡು ಹಿಡಿ ಹೊರಗೆ ಚೆಲ್ಲಿತು. "ಬೀಗತಿಯೋರೆ, ನಿಮ್ಮ ಲೆಕ್ಕಾನೂ ಸರಿ, ನಮ್ಮ ಹುಡುಗಿ ಲೆಕ್ಕಾನೂ ಸರಿ. ಸೇರು ಬ್ಯಾರೆ ಐತೆ, ಅಷ್ಟೇ" ಅಂದ. ಅತ್ತೆ ಅವತ್ತು ನನಗೆ ಹೋಳಿಗೆ ಮಾಡಿ ಹಾಕಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಪ್ಪನಿಗೆ ಅಳತೆ ಬಿಟ್ಟರೆ ಇದ್ದದ್ದು ಒಂದೇ ಹುಚ್ಚು, ಚದುರಂಗ. ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಖಲೀಲ್ ಕಾಕಾನ ವಾಚು ರಿಪೇರಿ ಅಂಗಡಿ. ಅದರ ಮುಂದಿನ ಹಲಗೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಅಪ್ಪ ಮತ್ತು ಕಾಕಾ ಇಪ್ಪತ್ತು ವರ್ಷದಿಂದ ಆಡುತ್ತಿದ್ದರು. ಬುತ್ತಿ ಕೊಡಲು ಹೋಗಿ ನಿಂತು ನಿಂತು ನನಗೂ ಕಾಯಿಗಳ ನಡಿಗೆ ಗೊತ್ತಾಗಿತ್ತು. ಆನೆ ನೇರ ಹೋಗುತ್ತದೆ, ಒಂಟೆ ಓರೆ, ಕುದುರೆ ಎರಡೂವರೆ ಮನೆ, ಮಂತ್ರಿ ಎತ್ತ ಬೇಕಾದರೂ. ಸಿಪಾಯಿ ಮುಂದಕ್ಕೆ ಒಂದೇ ಹೆಜ್ಜೆ. ರಾಜನೂ ಒಂದೇ ಹೆಜ್ಜೆ, ಆದರೆ ಅವನಿಗೆ ಒಂದು ಮರ್ಯಾದೆ ಉಂಟು: ಇನ್ನೂ ಯಾರೂ ಅವನಿಗೆ ಶಹಾ, ಅಂದರೆ ಚೆಕ್, ಕೊಟ್ಟಿಲ್ಲವಾದರೆ, ಆಟಕ್ಕೆ ಒಂದು ಸಲ ಅವನು ಕುದುರೆಯ ಹಾಗೆ ನೆಗೆಯಬಹುದು. ನೆಗೆದು ಮೂಲೆಯಲ್ಲಿ ಭದ್ರವಾಗಿ ಕೂರಬಹುದು. ನಮ್ಮ ಕಡೆ ಎಲ್ಲರೂ ಹೀಗೇ ಆಡುವುದು. ಬೇರೆ ತರಹ ಆಡುವವರು ಇದ್ದಾರೆ ಅಂತ ನಮಗೆ ಹೇಳಿದವರಾರು?

ಪುನರ್ವಸು ಮಳೆ ಹೊಡೆಯುತ್ತಿದ್ದಾಗ ಕಾಕಾನ ತಮ್ಮ ಮಸ್ಕತ್ತಿನಿಂದ ರಜಕ್ಕೆ ಬಂದ. ಬರುವಾಗ ಅಣ್ಣನಿಗೆ ಅಂತ ಚದುರಂಗ ಆಡುವ ಒಂದು ಕಂಪ್ಯೂಟರ್ ತಂದ. ಈಗಿನಂತೆ ಪರದೆ ಇಲ್ಲ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡ ಚೌಕದ ಹಲಗೆ, ಪ್ಲಾಸ್ಟಿಕ್ಕಿನದು. ಅಂಚಿನಲ್ಲಿ ಕೆಂಪು ದೀಪಗಳು, ಒಂದೊಂದೂ ರಾಗಿ ಕಾಳಿನಷ್ಟು. ಕಾಯಿಯನ್ನು ಅದು ನಿಂತ ಮನೆಯಲ್ಲಿ ಒತ್ತಬೇಕು, ಎತ್ತಿ ಹೋಗುವ ಮನೆಯಲ್ಲಿ ಮತ್ತೆ ಒತ್ತಬೇಕು. ಆಮೇಲೆ ಅದು ಯೋಚನೆ ಮಾಡಿ ದೀಪ ಹಚ್ಚಿ ತನ್ನ ನಡೆ ತೋರಿಸುತ್ತದೆ. ಊರಿಗೆ ಊರೇ ನೋಡಲು ಬಂತು. ಇದರ ಜೊತೆ ಆಡುವವರು ಯಾರು ಅಂದರೆ ಇನ್ಯಾರು, ಅಪ್ಪನೇ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದವಳು ಜನ ನೋಡಿ ಪಕ್ಕದ ಅಂಗಡಿ ಬೆಂಚಿನ ಮೇಲೆ ಕೂತೆ. ಅಪ್ಪ ಹೊಸ ಪಂಚೆ ಉಟ್ಟಿದ್ದ. ಮೊದಲ ಹತ್ತು ನಡೆ ಸಲೀಸಾಗಿ ಹೋಯಿತು. ಆಮೇಲೆ ಅಪ್ಪ ಯಾವಾಗಲೂ ಮಾಡುವ ಹಾಗೆ ರಾಜನನ್ನು ಎತ್ತಿ ಕುದುರೆ ನೆಗೆತ ನೆಗೆಸಿ ಮೂಲೆಯತ್ತ ಇಟ್ಟ.

ಮಿಷಿನ್ನು ಟುಂಯ್ ಟುಂಯ್ ಅಂದಿತು.

ಸರಿಯಾಗಿ ಒತ್ತಲಿಲ್ಲವೇನೋ ಅಂತ ಅಪ್ಪ ವಾಪಸ್ಸು ತೆಗೆದು ಮತ್ತೆ ಇಟ್ಟ. ಮತ್ತೆ ಟುಂಯ್ ಟುಂಯ್. ಮೂರನೆಯ ಸಲವೂ ಅದೇ. ಕಾಕಾನ ತಮ್ಮ, "ಗಲತ್ ಅಂತೈತೆ ಬಸಣ್ಣೋರೆ. ಆ ನಡೆ ಇಲ್ಲಂತೆ" ಅಂದ.

ಗೊಬ್ಬರದಂಗಡಿ ಪರಮೇಶಪ್ಪ ಕೂಗಿದ: "ಮಿಷಿನ್ನು ಸುಳ್ಳು ಹೇಳಾಕಿಲ್ಲಪ್ಪ! ಇಷ್ಟು ವರ್ಷ ನಮ್ಮ ಸಾಬ್ರಿಗೆ ಹಿಂಗೇ ಯಾಮಾರಿಸ್ತಿದ್ದೆ ಏನು ಬಸಪ್ಪ? ಇನ್ನು ನಿನ್ನ ಕೊಳಗಾನೂ ಒಂದ್ಸಲ ಮಿಷಿನ್ನಿಗೆ ತೋರಿಸ್ಬೇಕು ನೋಡು!"

ಜನ ಹೋ ಅಂತ ನಕ್ಕರು. ಅದನ್ನು ಅಪ್ಪ ತಡೆದುಕೊಳ್ಳುತ್ತಿದ್ದನೋ ಏನೋ. ಆದರೆ ಖಲೀಲ್ ಕಾಕಾನೂ ನಕ್ಕ. ಇಪ್ಪತ್ತು ವರ್ಷ ಸೋತವನಲ್ಲವೇ, ಬಾಯಿ ತಡೆಯಲಿಲ್ಲ. ಅಪ್ಪ ರಾಜನನ್ನು ಹಲಗೆ ಮೇಲೆ ಮಲಗಿಸಿ ಎದ್ದ. "ನಡಿ ಗಿರಿಜಾ, ಊಟಕ್ಕೆ ಹೊತ್ತಾತು" ಅಂದ. ದಾರಿಯುದ್ದಕ್ಕೂ ಛತ್ರಿ ನನ್ನ ಮೇಲೇ ಹಿಡಿದಿದ್ದ.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಬಿತ್ತನೆ ಭತ್ತ ಅಳೆಯಲು ಹೋದ ಮನೆಯಲ್ಲಿ ಯಾರೋ ಅಪ್ಪ ‘ಲಾಭ’ ಅಂದ ಕೂಡಲೇ ಬಾಯಲ್ಲಿ ‘ಟುಂಯ್’ ಅಂದರಂತೆ. ಅಪ್ಪ ಅಳತೆ ಮುಗಿಸಿ ಮನೆಗೆ ಬಂದು, ಕೊಳಗವನ್ನು ಮೂಲೆಯಲ್ಲಿ ಬೋರಲು ಹಾಕಿದ. ನಮ್ಮ ಮನೆಯಲ್ಲಿ ಕೊಳಗ ಬೋರಲು ಹಾಕುವುದು ಅಂದರೆ ದೀಪ ಆರಿಸಿದ ಹಾಗೆ. ಅವ್ವ ಎದೆ ಹಿಡಿದುಕೊಂಡಳು.

"ಇದೇನ್ರಿ ಇದು! ಬಸುರಿ ಹೆಣ್ಣುಮಗಳು ಮನ್ಯಾಗಿದಾಳೆ. ನೆಟ್ಟಗೆ ಇಡ್ರಿ ಅದನ್ನ!"

"ನನ್ನ ಕೈ ಮ್ಯಾಲೆ ಜನಕ್ಕೆ ಅನುಮಾನ ಬಂದ ಮ್ಯಾಲೆ ಅದು ಹೆಂಗಿದ್ರೇನು? ತೂಕದ ಮಿಷಿನ್ನು ಐತಲ್ಲ, ಅಳ್ಕೊಳ್ಳಲಿ."

ಅವತ್ತಿನಿಂದ ಅಪ್ಪ ಬೀದಿಗೆ ಇಳಿಯಲಿಲ್ಲ. ಕರೆಯಲು ಬಂದವರಿಗೆ ಮೈ ಸರಿಯಿಲ್ಲ ಅಂತ ಅವ್ವನ ಕೈಲಿ ಹೇಳಿಸುತ್ತಿದ್ದ. ಅವ್ವ ನನ್ನ ಹತ್ತಿರ ಪಿಸುಗುಟ್ಟಿದಳು: "ಸುಗ್ಗಿ ಹೊತ್ತಿಗೆ ಈ ಮನುಷ್ಯ ಎದ್ದು ಕಣಕ್ಕೆ ಹೋಗ್ಲಿಲ್ಲ ಅಂದ್ರೆ ಮುಗೀತು ಗಿರಿಜಾ. ಒಂದು ಸುಗ್ಗಿ ತಪ್ಪಿದ್ರೆ ಮುಂದೆ ಯಾರೂ ಕರಿಯಾಕಿಲ್ಲ. ಕೆಲಸ ಇಲ್ದೆ ಇವರು ಉಳಿಯಾಕಿಲ್ಲ."

ಮಘೆ ಮಳೆಯಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣುಕೂಸು. ಹೆಸರು ಲತಾ, ಇವತ್ತು ನ್ಯಾಮತಿಯ ಮಂಚದ ಮೇಲೆ ಮಲಗಿರುವವಳು. ಅಪ್ಪ ಬಾಗಿಲಲ್ಲಿ ನಿಂತು ಕೂಸನ್ನು ನೋಡಿ, ತಿಂಗಳಲ್ಲಿ ಮೊದಲ ಸಲ ನಕ್ಕ. ನಕ್ಕು ಮತ್ತೆ ಹಿತ್ತಲಿಗೆ ಹೋದ.

ಹನ್ನೆರಡನೆಯ ದಿನ ಖಲೀಲ್ ಕಾಕಾ ಬಂದ. ಒಂದು ಕೈಯಲ್ಲಿ ಕೂಸಿಗೆ ಕುಲಾವಿ, ಇನ್ನೊಂದು ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು. ಅವನ ದನಿ ಕೇಳಿದ್ದೇ ಅಪ್ಪ ಹಿತ್ತಲ ಬಾಗಿಲಿಂದ ಹೊರಗೆ ನಡೆದುಬಿಟ್ಟ. ಕಾಕಾ ಹೊಸ್ತಿಲ ಹೊರಗೇ ಕೂತ.

"ಬೇಟಿ, ನಾನು ನಗಬಾರದಿತ್ತು. ಅವತ್ತು ಆ ನಗು ನನ್ನ ಬಾಯಿಂದ ಹೆಂಗೆ ಬಂತೋ ಅಲ್ಲಾಗೇ ಗೊತ್ತು. ಇಪ್ಪತ್ತು ವರ್ಷದ ದೋಸ್ತಿ." ಗಂಟು ಬಿಚ್ಚಿದರೆ ಮಿಷಿನ್ನು. "ಇದು ನನ್ನ ಅಂಗಡ್ಯಾಗೆ ಇರಾದು ಬ್ಯಾಡ. ನಿಮ್ಮಪ್ಪ ಬಂದು ಕುಂದ್ರೋ ಜಾಗದಾಗೆ ಇದನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತೈತೆ. ನಿನ್ನ ಹತ್ರಾನೇ ಇಟ್ಕೋ, ಒಡದು ಹಾಕು, ಏನಾರ ಮಾಡು."

"ಒಡೆಯಾಕೆ ಯಾಕೆ ಕಾಕಾ? ಇದರ ಜೊತೆ ಹೆಂಗೆ ಆಡಾದು, ಒಂದ್ಸಲ ತೋರಿಸಿ ಹೋಗು" ಅಂದೆ. ಯಾಕೆ ಹಾಗೆ ಅಂದೆನೋ ಇವತ್ತಿಗೂ ತಿಳಿಯದು. ಆದರೆ ಅಪ್ಪನನ್ನು ಕಳ್ಳ ಅಂದ ವಸ್ತುವನ್ನು ನಾನು ಚೆನ್ನಾಗಿ ನೋಡಬೇಕಿತ್ತು.

ಅದರ ಜೊತೆ ಬಂದ ಪುಸ್ತಕ ಪೂರಾ ಇಂಗ್ಲಿಷು; ಕಾಕಾನಿಗೂ ಬಾರದು, ನನಗೂ ಬಾರದು. ಬಾಣಂತಿ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ, ಕೂಸು ಮಲಗಿದ್ದಾಗ ಆಡಲು ಕೂತೆ. ಹೊರಗೆ ಸೂರಿನಿಂದ ನೀರು ಸುರಿಯುವ ಸದ್ದು. ಇಂಗ್ಲಿಷು ಓದಲು ಬಾರದವಳಿಗೆ ನಿಯಮ ಕಲಿಯಲು ಇದ್ದದ್ದು ಒಂದೇ ದಾರಿ: ತಪ್ಪು ಮಾಡುವುದು. ಮನಸ್ಸಿಗೆ ತೋಚಿದ ಹಾಗೆ ಕಾಯಿ ನಡೆಸುತ್ತಿದ್ದೆ. ಸರಿಯಿದ್ದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು, ತಪ್ಪಿದ್ದರೆ ಟುಂಯ್ ಟುಂಯ್. ಎಷ್ಟು ಸಲ ತಪ್ಪು ಮಾಡಿದರೂ ಅದು ದನಿ ಏರಿಸಲಿಲ್ಲ, ಕಿವಿ ಹಿಂಡಲಿಲ್ಲ. ಅಂಥ ಮೇಷ್ಟರು ನನಗೆ ಶಾಲೆಯಲ್ಲಿ ಸಿಕ್ಕಿದ್ದರೆ ಐದನೇ ಕ್ಲಾಸಿಗೂ ಹೋಗುತ್ತಿದ್ದೆನೇನೋ.

ಅವ್ವ ಕಷಾಯ ಹಿಡಿದು ಬಂದವಳು ಬೈಯುತ್ತಿದ್ದಳು. "ಹಸಿ ಬಾಣಂತಿ ಹಿಂಗೆ ಗೊಂಬಿ ಎತ್ತಿ ಇಕ್ಕಂತ ಕುಂತ್ರೆ ನಾಳೆ ಕಣ್ಣು ಹೋಗ್ತಾವೆ. ಹಾಲಾರ ಇಳೀತೈತೋ ಇಲ್ಲೋ?"

"ಇಳೀತೈತೆ ಅವ್ವಾ. ನೋಡಿಲ್ಲಿ, ಸಿಪಾಯಿ ಎರಡು ಹೆಜ್ಜೆ ಇಟ್ಟ, ಇದು ಸುಮ್ನೈತೆ!"

"ಎಲ್ಲಾರ ಇಡ್ಲಿ. ಮೊದ್ಲು ಇದನ್ನ ಕುಡಿ."

ನಿಜವಾಗಿಯೂ ಅದೊಂದು ಬೆರಗು. ಕೈ ಜಾರಿ ಸಿಪಾಯಿಯನ್ನು ಎರಡು ಮನೆ ಮುಂದಕ್ಕೆ ಇಟ್ಟಿದ್ದೆ. ಮಿಷಿನ್ನು ತಕರಾರು ತೆಗೆಯಲಿಲ್ಲ. ಮೊದಲ ಹೆಜ್ಜೆ ಎರಡು ಮನೆ ಇಡಬಹುದು ಅಂತ ಹಾಗೆ ಕಲಿತೆ. ನಮ್ಮಲ್ಲಿ ಕೊನೆಯ ಸಾಲು ಮುಟ್ಟಿದ ಸಿಪಾಯಿ ಆ ಮನೆಯಲ್ಲಿ ಯಾವ ಕಾಯಿ ಇತ್ತೋ ಅದೇ ಆಗುತ್ತಾನೆ. ಇಲ್ಲಿ ಎಲ್ಲಿ ಮುಟ್ಟಿದರೂ ಮಂತ್ರಿಯೇ. ಇದನ್ನು ಕಲಿಯಲು ಒಂದು ವಾರ ಹಿಡಿಯಿತು. ಸೋತೆ, ಸೋತೆ, ಇಪ್ಪತ್ತು ಸಲ ಸೋತೆ. ಒಂದೊಂದು ಸೋಲಿನಲ್ಲೂ ಒಂದೊಂದು ಸಿಕ್ಕಿತು.

ಆಮೇಲೆ ಒಂದು ಮಧ್ಯಾಹ್ನ ಅದು ನಡೆಯಿತು. ಮಿಷಿನ್ನಿನ ಸರದಿ. ದೀಪ ಹತ್ತಿತು: ರಾಜನನ್ನು ಎತ್ತು ಅಂದಿತು. ಎತ್ತಿದೆ. ಎರಡು ಮನೆ ಆಚೆ ಇಡು ಅಂದಿತು. ಎರಡು ಮನೆ! ರಾಜ ಎಲ್ಲಾದರೂ ಎರಡು ಮನೆ ನಡೆಯುತ್ತಾನೆಯೇ? ಇಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ಮೂಲೆಯ ಆನೆಯನ್ನು ಎತ್ತಿ ರಾಜನನ್ನು ದಾಟಿಸಿ ಈಚೆ ಪಕ್ಕಕ್ಕೆ ಇಡು ಅಂದಿತು. ಒಂದೇ ಸರದಿಗೆ ಎರಡು ಕಾಯಿ! ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪಾ!" ಅಂತ ಕೂಗಿದೆ. "ಅಪ್ಪಾ ಬಾ ಇಲ್ಲಿ. ಈ ಮಿಷಿನ್ನೇ ಮೋಸ ಮಾಡ್ತೈತೆ, ಬಾ ನೋಡು!"

ಆ ಮಾತಿಗೆ ಅಪ್ಪ ಬಂದ. ಬಾಣಂತಿ ಕೋಣೆಯೊಳಕ್ಕೆ ಗಂಡಸರು ಬರುವ ಹಾಗಿಲ್ಲ. ಹೊಸ್ತಿಲ ಆಚೆ ಕೂತ. ನಾನು ಹಲಗೆಯನ್ನು ಹೊಸ್ತಿಲಿಗೆ ತಳ್ಳಿ ಕಾಯಿಗಳನ್ನು ಹಿಂದಕ್ಕಿಟ್ಟು ಅದು ಮಾಡಿದ್ದನ್ನು ತೋರಿಸಿದೆ. ಅಪ್ಪ ತುಂಬ ಹೊತ್ತು ನೋಡಿದ. ಅಪ್ಪನ ಬೆರಳು ಆ ರಾಜನ ತಲೆ ಮೇಲೆ ನಿಂತಿತ್ತು.

"ಇದನ್ನ ಎಷ್ಟು ಸಲ ಮಾಡಿತು?"

"ಇವತ್ತೇ ನೋಡಿದ್ದು."

"ಒಂದೇ ಆಟದಾಗೆ ಎರಡು ಸಲ ಮಾಡ್ತೈತೇನು ನೋಡು."

ಆಡಿದೆವು. ಆ ದಿನ, ಮಾರನೇ ದಿನ, ಅದರ ಮಾರನೇ ದಿನ. ಅಪ್ಪ ಹೊಸ್ತಿಲಾಚೆಯಿಂದ ಹೇಳುತ್ತಿದ್ದ, ನಾನು ಒತ್ತುತ್ತಿದ್ದೆ. ಮಿಷಿನ್ನು ಒಂದು ಆಟಕ್ಕೆ ಒಂದೇ ಸಲ ಆ ನಡೆ ಮಾಡುತ್ತಿತ್ತು. ರಾಜ ಮೊದಲೇ ಅಲುಗಾಡಿದ್ದರೆ ಮಾಡುತ್ತಿರಲಿಲ್ಲ. ಶಹಾ ಬಿದ್ದಾಗಲೂ ಮಾಡುತ್ತಿರಲಿಲ್ಲ. ಅದು ಮಾಡಿದ್ದನ್ನು ನಾವೂ ಮಾಡಿ ನೋಡಿದೆವು, ಟುಂಯ್ ಅನ್ನಲಿಲ್ಲ. ನಾಲ್ಕನೆಯ ದಿನ ಅಪ್ಪ ತೊಡೆ ತಟ್ಟಿಕೊಂಡು ನಕ್ಕುಬಿಟ್ಟ. ಕೂಸು ಬೆಚ್ಚಿ ಎದ್ದು ಅತ್ತಿತು.

"ಗಿರಿಜಾ, ಇದೂ ರಾಜನ ಮರ್ಯಾದೇನೇ ಕಣೇ! ನಮ್ಮ ರಾಜ ಕುದುರೆ ಹಂಗೆ ನೆಗೆದು ಮೂಲೆ ಸೇರ್ತಾನೆ. ಇವರ ರಾಜ ಆನೆ ಮರೆಗೆ ಹೋಗಿ ಮೂಲೆ ಸೇರ್ತಾನೆ. ಆಟಕ್ಕೆ ಒಂದೇ ಸಲ. ಅವತ್ತು ಅದು ನನ್ನ ಕಳ್ಳ ಅನ್ನಲಿಲ್ಲ. ನಿಮ್ಮತ್ತೆ ಹಂಗೆ ಅದಕ್ಕೂ ನಮ್ಮ ಅಳತೆ ಗೊತ್ತಿರಲಿಲ್ಲ ಅಷ್ಟೇ. ಇದರ ಸೇರೇ ಬ್ಯಾರೆ!"

ಅಪ್ಪನ ಮುಖ ನೋಡಬೇಕಿತ್ತು. ಅವ್ವ ಅಡಿಗೆಮನೆಯಿಂದ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ಅವತ್ತಿನಿಂದ ಅವ್ವ ಕಷಾಯದ ಲೋಟ ಕೊಡುವಾಗ ಮಿಷಿನ್ನಿನ ಮೇಲೆ ಬೀಳದ ಹಾಗೆ ಜೋಪಾನವಾಗಿ ಕೊಡುತ್ತಿದ್ದಳು.

ಒಂದೇ ಒಂದು ಕಡೆ ಅಪ್ಪ ಸೋತ. ಒಂದು ದಿನ ನಾನು ಸಿಪಾಯಿಯನ್ನು ಎರಡು ಮನೆ ಮುಂದಿಟ್ಟೆ. ಪಕ್ಕದಲ್ಲಿ ನಿಂತಿದ್ದ ಅದರ ಸಿಪಾಯಿ ನನ್ನ ಸಿಪಾಯಿಯ ಬೆನ್ನ ಹಿಂದಿನ ಖಾಲಿ ಮನೆಗೆ ಓರೆಯಾಗಿ ಹೋದ, ಮಿಷಿನ್ನು ನನ್ನವನನ್ನು ತೆಗೆ ಅಂದಿತು. ಖಾಲಿ ಮನೆಗೆ ಹೋಗಿ ಪಕ್ಕದವನನ್ನು ಹೊಡೆಯುವುದು! ಎಷ್ಟು ತಲೆ ಕೆರೆದುಕೊಂಡರೂ ಅದಕ್ಕೆ ಅರ್ಥ ಸಿಗಲಿಲ್ಲ. ಮತ್ತೆ ಮಾಡಿಸಲು ನೋಡಿದರೆ ಮಾಡಲೂ ಇಲ್ಲ. ಕೊನೆಗೆ ಅಪ್ಪ ಅಂದ: "ಇದೊಂದು ಮಾತ್ರ ಖರೇ ಮೋಸ. ಹೋಗ್ಲಿ ಬಿಡು. ಉಳಿದಿದ್ದೆಲ್ಲ ನೆಟ್ಟಗೆ ಅಳೀತೈತೆ. ಒಂದು ಹಿಡಿ ಹೆಚ್ಚಿಗೆ ತಗಂಡ್ರೆ ಕೊಸರು ಅಂತ ತಿಳ್ಕೋ."

ಹಸ್ತ ಮಳೆ ಮುಗಿಯುತ್ತ ಬಂದಿತ್ತು. ಗದ್ದೆಗಳಲ್ಲಿ ತೆನೆ ಬಾಗಿತ್ತು. ನನ್ನ ಬಾಣಂತನವೂ ನಲವತ್ತು ದಿನ ದಾಟಿತ್ತು. ಒಂದು ಭಾನುವಾರ ಅಪ್ಪ ಅದೇ ಹೊಸ ಪಂಚೆ ಉಟ್ಟು ಮಿಷಿನ್ನನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ನನಗೆ, "ನೀನೂ ಬಾ. ಕಲಿಸಿದವಳು ನೀನು" ಅಂದ. ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದೆ.

ಎರಡೂವರೆ ತಿಂಗಳ ಮೇಲೆ ಅಪ್ಪ ಬಂದದ್ದು ನೋಡಿ ಖಲೀಲ್ ಕಾಕಾ ಕಣ್ಣಿಗೆ ಇಕ್ಕಿಕೊಂಡಿದ್ದ ವಾಚು ನೋಡುವ ಗಾಜು ತೆಗೆಯುವುದನ್ನೇ ಮರೆತು ಎದ್ದು ನಿಂತ. ಅಪ್ಪ ಮಿಷಿನ್ನನ್ನು ಹಲಗೆ ಮೇಲೆ ಇಟ್ಟು, "ಖಲೀಲಾ, ಕಾಯಿ ಹೂಡು" ಅಂದ. ಜನ ಸೇರಲು ಎಷ್ಟು ಹೊತ್ತು? ಪರಮೇಶಪ್ಪ ಮುಂದಿನ ಸಾಲಿನಲ್ಲೇ ಇದ್ದ.

ಎಂಟನೆಯದೋ ಒಂಬತ್ತನೆಯದೋ ನಡೆ. ಅಪ್ಪ ರಾಜನನ್ನು ಎತ್ತಿ ಎರಡು ಮನೆ ಆಚೆಗೆ ಇಟ್ಟು ಒತ್ತಿದ.

"ಏ ಏ ಏ!" ಅಂತ ಪರಮೇಶಪ್ಪ ಎದ್ದೇಬಿಟ್ಟ. "ಎರಡು ಮನೆ! ರಾಜ ಎರಡು ಮನೆ ಹೆಂಗೆ ಹೋಗ್ತಾನೋ? ಮೋಸ!" ಹಿಂದಿನವರೂ ಮೋಸ ಮೋಸ ಅಂದರು. ಅಪ್ಪ ಯಾರ ಕಡೆಗೂ ನೋಡದೆ ಆನೆಯನ್ನು ಎತ್ತಿ ರಾಜನ ಈಚೆ ಪಕ್ಕಕ್ಕೆ ಇಟ್ಟು ಒತ್ತಿದ. ಕೂಗು ಇನ್ನೂ ಜೋರಾಯಿತು.

ಅಪ್ಪ ಬೆರಳು ತುಟಿಯ ಮೇಲೆ ಇಟ್ಟ. "ನನ್ನ ಕೇಳಬ್ಯಾಡ್ರಿ. ಮಿಷಿನ್ನು ಸುಳ್ಳು ಹೇಳಾಕಿಲ್ಲ ಅಂದೋರು ನೀವೇ ಅಲ್ಲೇನು? ಅದನ್ನೇ ಕೇಳ್ರಿ."

ಎಲ್ಲರೂ ಆ ಎರಡು ಟುಂಯ್‌ಗೆ ಕಾದರು. ಮಿಷಿನ್ನು ಟುಂಯ್ ಅನ್ನಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕುದುರೆಯ ಹತ್ತಿರ ಕೆಂಪು ದೀಪ ಹಚ್ಚಿ ಆಟ ಮುಂದುವರಿಸಿತು.

ಆಗ ಅಪ್ಪ ಜನದ ಕಡೆ ತಿರುಗಿ, ನನ್ನ ಸೇರಿನ ಕತೆ ಹೇಳಿದ. ಹೊನ್ನಾಳಿ ಸೇರು, ಜಗಳೂರು ಸೇರು, ಚೆಲ್ಲಿದ ಎರಡು ಹಿಡಿ ಜೋಳ. ಅದು ಎಲ್ಲರಿಗೂ ತಿಳಿಯುವ ಭಾಷೆ. ಅಲ್ಲಿದ್ದವರೆಲ್ಲ ಕಣ ಕಂಡವರು. ಪರಮೇಶಪ್ಪ ಕತ್ತು ಕೆರೆದುಕೊಂಡು, "ಹಂಗಾರೆ ಅವತ್ತು ತಪ್ಪು ಯಾರ್ದು?" ಅಂದ.

"ನಿನ್ನದು" ಅಂದ ಖಲೀಲ್ ಕಾಕಾ. "ಅರ್ಧ ನನ್ನದು."

ಜನ ನಕ್ಕರು. ಈ ಸಲ ಅಪ್ಪನೂ ನಕ್ಕ.

ನಾನು ಬರೆಯುವಾಗ ಬಗ್ಗಿ ಓದಿ, ಅಪ್ಪ ಆ ಆಟ ಗೆದ್ದನೇ ಅಂತ ಚಿನ್ಮಯಿ ಕೇಳಿದಳು. ಇಲ್ಲ, ಸೋತ. ಒಂದು ಗಂಟೆ ಆಡಿ, ಮಂತ್ರಿಯನ್ನು ಕಳೆದುಕೊಂಡು ಸೋತ. ಸೋತು, ರಾಜನನ್ನು ಮಲಗಿಸಿ, ಮಿಷಿನ್ನಿಗೆ ಕೈಮುಗಿದು, "ಖಲೀಲಾ, ಇದ್ದಿಲು ತಗಾ. ಈಗ ನಮ್ಮ ಸೇರ್ನಾಗೆ ಆಡಾಣ" ಅಂದ. ಇದ್ದಿಲಿನ ಗೆರೆಯ ಮೇಲೆ ಅಪ್ಪನ ರಾಜ ಕುದುರೆಯ ಹಾಗೆ ನೆಗೆದು ಮೂಲೆ ಸೇರಿದ್ದನ್ನು ಕಣ್ಣಾರೆ ಕಂಡೆ. ಅವತ್ತು ಕಾಕಾ ಎಂದಿನಂತೆ ಸೋತ. ಅಷ್ಟು ಸಂತೋಷದಿಂದ ಸೋತ ಇನ್ನೊಬ್ಬನನ್ನು ನಾನು ನೋಡಿಲ್ಲ.

ಮನೆಗೆ ಬಂದ ಕೂಡಲೇ ಅವ್ವ ಯಾರನ್ನೂ ಕೇಳದೆ ಕೊಳಗವನ್ನು ನೆಟ್ಟಗೆ ನಿಲ್ಲಿಸಿ ಕುಂಕುಮ ಇಟ್ಟಳು. ಸುಗ್ಗಿಯಲ್ಲಿ ಮೊದಲು ಕರೆಯಲು ಬಂದವನು ಪರಮೇಶಪ್ಪ. ಅವನ ಕಣದಲ್ಲಿ ಅಪ್ಪ ‘ಲಾಭ’ ಅಂದಾಗ ಯಾರೂ ಟುಂಯ್ ಅನ್ನಲಿಲ್ಲವಂತೆ. ಅಪ್ಪ ಇನ್ನೂ ಹನ್ನೊಂದು ಸುಗ್ಗಿ ಅಳೆದ.

ಮಿಷಿನ್ನನ್ನು ಕಾಕಾನಿಗೇ ವಾಪಸ್ಸು ಕೊಟ್ಟು ನಾನು ಜಗಳೂರಿಗೆ ಹೊರಟೆ. ಬಸ್ಸಿನ ಹತ್ತಿರ ಬಂದು ಕಾಕಾ ಕೂಸಿನ ಮುಷ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಸಿಪಾಯಿ ಇಟ್ಟ. "ಒಂದು ಕಮ್ಮಿ ಇರ್ಲಿ ಬೇಟಿ, ಆ ಜಾಗದಾಗೆ ಅಂಗಿ ಗುಂಡಿ ಇಟ್ಕಂಡು ಆಡ್ತೀವಿ." ಅಪ್ಪ ಇಲ್ಲ ಈಗ, ಅವ್ವ ಇಲ್ಲ, ಕಾಕಾ ಇಲ್ಲ. ಆ ಸಿಪಾಯಿ ಇದ್ದಾನೆ, ಜಗಳೂರಿನ ದೇವರ ಗೂಡಿನಲ್ಲಿ. ಆ ನಾಲ್ಕು ತಿಂಗಳು ನನಗೆ ಕೊಟ್ಟವರಿಗೆಲ್ಲ, ದೀಪ ಹಚ್ಚಿ ಟುಂಯ್ ಅಂದ ಆ ಹಲಗೆಗೂ ಸೇರಿಸಿ, ನಾನು ದಿನಾ ಒಂದು ನಮಸ್ಕಾರ ಹಾಕುತ್ತ ಬಂದಿದ್ದೇನೆ.

ಇಷ್ಟು ಬರೆದು ಮುಗಿಸಿದೆ ಅಂದುಕೊಂಡಿದ್ದೆ. ನಿನ್ನೆ ಚಿನ್ಮಯಿ ಇದನ್ನೆಲ್ಲ ಓದಿ, ಕಾಗುಣಿತ ತಿದ್ದಿ, ಒಂದು ಕಡೆ ಬೆರಳಿಟ್ಟು ನಿಂತಳು.

"ಅಜ್ಜಿ, ಇದು ಮೋಸ ಅಲ್ಲ. ಸಿಪಾಯಿ ಎರಡು ಮನೆ ಹಾರಿದ್ರೆ, ಒಂದೇ ಮನೆ ಹೋಗಿದಾನೆ ಅಂತ ಅಂದ್ಕೊಂಡು ಪಕ್ಕದ ಸಿಪಾಯಿ ಅವನನ್ನ ಹೊಡೀಬಹುದು. ತಕ್ಷಣವೇ ಹೊಡೀಬೇಕು, ಆಮೇಲೆ ಇಲ್ಲ. ಅದು ರೂಲ್ಸು. ನಮ್ಮ ಪಿ.ಟಿ. ಮೇಷ್ಟ್ರು ಹೇಳಿಕೊಟ್ಟಿದಾರೆ."

ಮೊಬೈಲಿನಲ್ಲಿ ಮಾಡಿ ತೋರಿಸಿದಳು. ನೋಡಿದೆ. ಹೌದು, ಅದೇ. ಅಷ್ಟು ವರ್ಷ ನಾವು ಆ ಮಿಷಿನ್ನನ್ನು ಒಂದು ಹಿಡಿಯಷ್ಟು ಕಳ್ಳ ಅಂದುಕೊಂಡೇ ಇದ್ದೆವು! ಪರಮೇಶಪ್ಪ ಅಪ್ಪನಿಗೆ ಮಾಡಿದ್ದನ್ನೇ ಅಪ್ಪ ಮತ್ತು ನಾನು ಸೇರಿ ಅದಕ್ಕೆ ಮಾಡಿದ್ದೆವು. ಅಪ್ಪ ಇದ್ದಿದ್ದರೆ ತೊಡೆ ತಟ್ಟಿಕೊಂಡು ನಗುತ್ತಿದ್ದ, ಆಮೇಲೆ ಎದ್ದು ಹೋಗಿ ತಪ್ಪಾಯಿತು ಅನ್ನುತ್ತಿದ್ದ. ಅವನು ಇಲ್ಲವಲ್ಲ; ಮೊಮ್ಮಗಳ ಕೈಯಲ್ಲಿದ್ದ ಮೊಬೈಲಿಗೆ ನಾನೇ ಹೇಳಿದೆ, "ತಪ್ಪಾತಪ್ಪ." ಅದು ಟುಂಯ್ ಅನ್ನಲಿಲ್ಲ. ಒಪ್ಪಿಕೊಂಡಿತು ಅಂತ ಲೆಕ್ಕ.

ಇವತ್ತು ಬೆಳಿಗ್ಗೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಚಿನ್ಮಯಿ ಪಕ್ಕದಲ್ಲಿ ಕೂತು ಚೊಂಬು ಎಣಿಸಿದಳು. ನಾನು ಹೇಳಿಕೊಟ್ಟಿರಲಿಲ್ಲ, ಹಾಳೆಯಲ್ಲಿ ಓದಿದ್ದು.

"ಲಾಭ. ಎರಡು. ಮೂರು."

ಹನ್ನೆರಡನೆಯ ಚೊಂಬಿಗೆ ಬಿಸಿನೀರು ಸಾಕು ಅಂತ ಕೈ ನಿಲ್ಲಿಸಿದೆ. ಅವಳು ಹಂಡೆಯಿಂದ ತಾನೇ ಇನ್ನೊಂದು ಚೊಂಬು ಮೊಗೆದು ನನ್ನ ಕೈಗೆ ಕೊಟ್ಟಳು.

"ಕೊಸರು, ಅಜ್ಜಿ."